ಕೈ ತೊಳೆಸುವ ನೌಕರಿ

ಹೊಸೂರಿನ ಒಂದು ಆಸ್ಪತ್ರೆಯಲ್ಲಿ ನಾನು ಸೋಂಕು ತಡೆಯುವ ನರ್ಸು. ಯಾರು ಕೈ ತೊಳೆದರು, ಯಾರು ತೊಳೆಯಲಿಲ್ಲ ಎಂದು ಮೂಗು ತೂರಿಸುವುದಕ್ಕೇ ನನಗೆ ಸಂಬಳ. ಹಾಗಾಗಿ ನಗುವಂಥದ್ದು ದಿನಕ್ಕೊಂದಾದರೂ ಕಣ್ಣಿಗೆ ಬೀಳುತ್ತದೆ. ಈಗ ಹೇಳುವುದು ಒಂದೇ ವಾರದ್ದು. ಆ ವಾರ ಆಪರೇಷನ್ ಆದ ಇಬ್ಬರ ಹೊಲಿಗೆ ಕೀವು ಕಟ್ಟಿತ್ತು. ವಾರ್ಡು ಗುಡಿಸಿ ಒರೆಸುವ ಅಕ್ಕನದೇ ತಪ್ಪು ಎಂದು ಮ್ಯಾನೇಜರು ತೀರ್ಮಾನಿಸಿಬಿಟ್ಟಿದ್ದರು. ಶನಿವಾರದೊಳಗೆ ಬೇರೆ ಕಾರಣ ಸಿಗದಿದ್ದರೆ ಅವಳನ್ನು ಕೆಲಸದಿಂದ ತೆಗೆಯುತ್ತಾರಂತೆ. ನನಗೇಕೋ ನಂಬಿಕೆ ಬರಲಿಲ್ಲ.

ಮೈಲಿಗೆ

ಹುಡುಕಾಟ ಶುರುಮಾಡಿದ್ದು ಆ ಇಬ್ಬರಲ್ಲಿ ಒಬ್ಬಳಾದ, ಅಂಚೆಟ್ಟಿ ಕಡೆಯ ಅಜ್ಜಿಯ ಹೊಲಿಗೆ ನೋಡುವುದರಿಂದ. ನಾನು ಗ್ಲೌಸ್ ಹಾಕಿಕೊಳ್ಳುವುದನ್ನು ಕಂಡು ಅಜ್ಜಿ ಮುಖ ತಿರುಗಿಸಿಕೊಂಡಳು.

"ನನ್ನ ಮುಟ್ಟುದ್ರೆ ನಿಂಗೆ ಮೈಲಿಗೆಯಾ?"

ನನಗೆ ಚುರುಕ್ ಅಂದಿತು. ಪಕ್ಕದಲ್ಲಿ ಕೂತು, ಇದು ನಿಮ್ಮನ್ನು ದೂರ ಇಡೋಕಲ್ಲ, ನನ್ನ ಕೈಯ ಕೊಳೆ ನಿಮಗೆ ತಾಗದಿರಲಿ ಅಂತ ಎಂದು ಬಿಡಿಸಿ ಹೇಳಿದೆ. ಅಜ್ಜಿ ತಲೆಯಾಡಿಸಿದಳು. ಅಷ್ಟರಲ್ಲಿ ದೊಡ್ಡ ಡಾಕ್ಟರು ಬರಿಗೈಯಲ್ಲಿ ಬಂದು ಹೊಲಿಗೆಯತ್ತ ಕೈ ಚಾಚಿದರು. ಅಜ್ಜಿ ಸೆರಗು ಎಳೆದುಕೊಂಡಳು.

"ಆ ರಬ್ಬರು ಇಕ್ಕೊಂಡು ಬನ್ನಿ ಸಾಮಿ. ಯಾರ್ಯಾರ್ನ ಮುಟ್ಬುಟ್ಟು ಬಂದಿದ್ದೀರೋ."

ಗಾಡಿಗೊಂದು

ಮರುದಿನ ಆಂಬುಲೆನ್ಸ್ ನೋಡಿದೆ. ಕೃಷ್ಣಗಿರಿ ಹೆದ್ದಾರಿಯಲ್ಲಿ ಓಡಾಡುವ ನಮ್ಮ ಡ್ರೈವರು ಅಚ್ಚುಕಟ್ಟಿನ ಮನುಷ್ಯ. ಮಾಸ್ಕ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ ಎಂದು ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಆದರೆ ನಾನು ಕೊಟ್ಟ ಪೊಟ್ಟಣದಿಂದ ಒಂದೇ ಒಂದು ಮಾಸ್ಕ್ ಹೊರಬಂದಿತ್ತು. ಅದು ಕನ್ನಡಿಗೆ ನೇತಾಡುತ್ತಿತ್ತು. ರೋಗಿಯ ಕಡೆಯವರು ಹತ್ತುವಾಗ ಅದನ್ನು ಹಾಕಿಕೊಂಡು, ಇಳಿಯುವಾಗ ವಾಪಸು ಕೊಡಬೇಕಂತೆ. ಒಬ್ಬರದನ್ನು ಇನ್ನೊಬ್ಬರಿಗೆ ಕೊಡಬಹುದೇ ಎಂದು ಕೇಳಿದರೆ, ಅವನಿಗೇ ಆಶ್ಚರ್ಯ.

"ಸ್ಟೆಪ್ನಿ ಇದ್ದಂಗೆ ಗಾಡಿಗೊಂದು ಅಂದ್ಕೊಂಡಿದ್ದೆ ಸಿಸ್ಟರ್."

ನೀಲಿ ದೀಪ

ಶನಿವಾರ ಬಂದೇಬಿಟ್ಟಿತು. ಬರಿಗಣ್ಣಿಗೆ ಕಾಣದ, ನೀಲಿ ದೀಪ ಹಿಡಿದರೆ ಮಾತ್ರ ಹೊಳೆಯುವ ಒಂದು ಲೋಷನ್ ತರಬೇತಿಗೆಂದು ನಮ್ಮಲ್ಲಿರುತ್ತದೆ. ಕೊಳೆ ಎಲ್ಲಿಂದ ಎಲ್ಲಿಗೆ ಹೋಗುತ್ತದೋ ನೋಡೋಣ ಎಂಬ ಕುತೂಹಲಕ್ಕೆ, ಬೆಳಿಗ್ಗೆ ಯಾರಿಗೂ ಹೇಳದೆ ಅದನ್ನು ವಾರ್ಡಿನ ಬಾಗಿಲ ಹಿಡಿಗೆ ಹಚ್ಚಿದೆ. ಮಧ್ಯಾಹ್ನ ಪರದೆ ಎಳೆದು, ಮ್ಯಾನೇಜರ ಎದುರಿಗೇ ಎಲ್ಲರ ಕೈಗೆ ದೀಪ ಹಿಡಿದೆ. ಡಾಕ್ಟರ ಕೈ, ನರ್ಸುಗಳ ಕೈ ಎಲ್ಲ ಫಳಫಳ. ಅಕ್ಕನ ಕೈಯಲ್ಲಿ ಮಾತ್ರ ಒಂದು ಚುಕ್ಕಿಯೂ ಇಲ್ಲ.

ಮ್ಯಾನೇಜರು ಒಪ್ಪಲಿಲ್ಲ. ಕೈ ತೊಳೆದವರು ಸಹಿ ಹಾಕಲೆಂದು ಸಿಂಕಿನ ಪಕ್ಕ ನಾನೇ ಒಂದು ರಿಜಿಸ್ಟರ್ ಇಟ್ಟಿದ್ದೆ. ಅದರಲ್ಲಿ ಅಕ್ಕನ ಸಹಿ ಒಂದು ದಿನವೂ ಇಲ್ಲ ಎಂದು ತೋರಿಸಿದರು.

"ನಂಗೆ ಬರಿಯಾಕೆ ಬರಾಕಿಲ್ಲ ಸಾರ್. ತೊಳ್ಕೊಂಡು ಸುಮ್ನೆ ಹೋಯ್ತೀನಿ," ಅಂದಳು ಅಕ್ಕ.

ರಿಜಿಸ್ಟರಿಗೆ ದಾರದಲ್ಲಿ ಕಟ್ಟಿದ್ದ ಪೆನ್ನಿನತ್ತ ದೀಪ ತಿರುಗಿಸಿದೆ. ಅದು ಬಾಗಿಲ ಹಿಡಿಗಿಂತ ಜೋರಾಗಿ ಹೊಳೆಯಿತು. ಕೆಲವರು ಮೊದಲು ಸಹಿ ಹಾಕಿ ಆಮೇಲೆ ಕೈ ತೊಳೆಯುತ್ತಿದ್ದರು. ತೊಳೆದು ಬಂದವರು ಅದೇ ಪೆನ್ನು ಹಿಡಿದು ಕೊಳೆಯನ್ನು ವಾಪಸು ಪಡೆಯುತ್ತಿದ್ದರು.

ಅಕ್ಕ ಕೆಲಸದಲ್ಲಿ ಇರಲಿ ಎಂದರು ಮ್ಯಾನೇಜರು. ಸಮಾಧಾನಕ್ಕೆ ನನ್ನ ಕಣ್ಣು ತುಂಬಿತು. ಯಾವ ಬಗೆಯ ಕಸ ಯಾವ ಬಣ್ಣದ ಡಬ್ಬಕ್ಕೆ ಎಂದು ಎಲ್ಲರಿಗೂ ಪಾಠ ಹೇಳಿದವಳು ನಾನೇ. ಅಕ್ಕ ಗ್ಲೌಸ್ ಹಾಕಿಕೊಂಡು, ದಾರ ಬಿಚ್ಚಿ ಪೆನ್ನನ್ನು ಎರಡು ಬೆರಳಲ್ಲಿ ಎತ್ತಿ, ಸರಿಯಾಗಿ ಸೋಂಕಿನ ಪ್ಲಾಸ್ಟಿಕ್ ಹಾಕುವ ಕೆಂಪು ಡಬ್ಬಕ್ಕೆ ಹಾಕಿದಳು. ಅಷ್ಟರಲ್ಲಿ ಡಾಕ್ಟರು ದೀಪ ತೆಗೆದುಕೊಂಡು ನನ್ನ ಮುಖಕ್ಕೆ ಹಿಡಿದರು. ರಿಜಿಸ್ಟರ್ ನೋಡುವಾಗ ಆ ಪೆನ್ನನ್ನು ಕಚ್ಚುವುದು ನನ್ನ ಅಭ್ಯಾಸ. ತುಟಿ ಎರಡೂ ಹೊಳೆಯುತ್ತಿದ್ದವಂತೆ.

ಅಕ್ಕ ಹತ್ತಿರ ಬಂದು, ಬಗ್ಗಿ ನೋಡಿ ಕೇಳಿದಳು: "ಸಿಸ್ಟರ್, ನಿಮ್ ಬಾಯ್ನ ಯಾವ್ ಡಬ್ಬಕ್ಕೆ ಹಾಕ್ಲಿ?"