ಹತ್ತು ಹತ್ತರ ಗಡಿಯಾರ

ಮೊರಬದಾಚೆಯ ಹಕ್ಕಲಾಪುರ ಪಂಚಾಯತಿಯ ವ್ಯಾಪ್ತಿಯಲ್ಲಿ ೧೯೮೪ರ ಶ್ರಾವಣದ ಮೊದಲ ಸೋಮವಾರದಿಂದ ಸಮಯವು ಹತ್ತು ಗಂಟೆ ಹತ್ತು ನಿಮಿಷವೆಂದು ಸರ್ವಾನುಮತದಿಂದ ನಿಗದಿಯಾಯಿತು.

ಕಾರಣ ಸೂಲಗಿತ್ತಿ ತಾಯವ್ವ. ಮುಂಬಯಿಯ ವಜ್ರದ ವ್ಯಾಪಾರಿಯೊಬ್ಬನ ಕಾರು ಊರ ಮುಂದಿನ ಎರಿಮಣ್ಣಿನಲ್ಲಿ ಹುಗಿದು ಕೂತಾಗ, ಒಳಗಿದ್ದ ಅವನ ಹೆಂಡತಿಯ ಹೆರಿಗೆ ಮಾಡಿಸಿದವಳು ಅವಳೇ. ಆ ಪುಣ್ಯಾತ್ಮ ಅವಳ ಹೆಸರಿಗೆ, ಪಂಚಾಯತಿಯ ವಿಳಾಸಕ್ಕೆ, ವಜ್ರ ಕೂಡಿಸಿದ ಹೆಣ್ಣುಮಕ್ಕಳ ಕೈಗಡಿಯಾರ ಕಳಿಸಿದ. ಜೊತೆಗೆ ಅದರ ವಿನ್ಯಾಸದ ಪರಂಪರೆ ಸಾರುವ ನುಣುಪು ಹಾಳೆಯ ಪುಸ್ತಕ. ಜೀವಮಾನವಿಡೀ ಹೆರಿಗೆಯ ಕೂಲಿಯೆಂದು ಕುಪ್ಪಸದ ಕಣ, ಸೇರು ಜೋಳ ಇಸಿದುಕೊಂಡ ಕೈಗೆ ಒಮ್ಮೆ ಅದನ್ನು ಕಟ್ಟಿಕೊಳ್ಳಬೇಕೆಂದು ತಾಯವ್ವನ ಜೀವ ಹಾತೊರೆಯಿತು.

ಸೆಕ್ರೆಟರಿ ಶಂಭುಲಿಂಗಪ್ಪ ಪುಸ್ತಕ ಓದಿದರು.

“ಇದು ಹೊತ್ತು ನೋಡೂ ಗಡಿಯಾರ ಅಲ್ಲ ಬೇ ತಾಯವ್ವಾ. ರಾಣ್ಯಾರು ಮೇಜವಾನಿಗೆ ಕಟ್ಟೂದು. ಅದಕ್ಕ ಅಂಕಿನ ಇಟ್ಟಿಲ್ಲ.”

“ಅಂಕಿ ನನಗೂ ಬರೂದಿಲ್ರಿ. ಕೊಡ್ರಿ, ಕಟ್ಕೊಂತೀನಿ.”

“ಪರಂಪರಾ ಕೆಡತೈತಿ!”

ಕೂಡಲೇ ಗಡಿಯಾರ ಪರಂಪರಾ ಸಂರಕ್ಷಣಾ ಸಮಿತಿ ರಚನೆಯಾಯಿತು. ಪುಸ್ತಕದ ಎಲ್ಲ ಚಿತ್ರಗಳಲ್ಲೂ ಮುಳ್ಳುಗಳು ಹತ್ತು ಹತ್ತಕ್ಕೇ ಇದ್ದುದರಿಂದ, ಸದರಿ ಗಡಿಯಾರವನ್ನು ಹಾಗೆಯೇ ಇಟ್ಟು ತಿಜೋರಿಯಲ್ಲಿ ಕಾಪಾಡತಕ್ಕದ್ದು, ಅದಕ್ಕೆ ಚಾವಿ ಕೊಟ್ಟು ನಡೆಸುವುದು ಶಿಕ್ಷಾರ್ಹ ಎಂದು ಠರಾವಾಯಿತು. ಕಚೇರಿಯಲ್ಲಿ ಬೇರೆ ಗಡಿಯಾರ ಇರಲಿಲ್ಲ. ಹೀಗಾಗಿ ಸಿಬ್ಬಂದಿ ಯಾವಾಗ ಬಂದರೂ ಹತ್ತೇ ನಿಮಿಷ ತಡ. ಅಷ್ಟು ತಡಕ್ಕೆ ನಿಯಮದಲ್ಲಿ ಮಾಫಿ ಇತ್ತು. ಊರಿನಲ್ಲಿ ಹುಟ್ಟಿದ ಮೂವತ್ತೊಂದು ಕೂಸುಗಳೂ ದಾಖಲೆಯಲ್ಲಿ ಹತ್ತು ಹತ್ತಕ್ಕೇ ಹುಟ್ಟಿದವು. ಯಾರೂ ತಕರಾರು ತೆಗೆಯಲಿಲ್ಲ, ತಾಯವ್ವನ ಹೊಟ್ಟೆ ಮಾತ್ರ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಶಂಭುಲಿಂಗಪ್ಪನವರೇ ಏದುಸಿರು ಬಿಡುತ್ತ ಅವಳ ಬಾಗಿಲಿಗೆ ಬಂದರು.

“ಲಗೂನ ಬಾ ಬೇ! ಮಗಳಿಗೆ ಬ್ಯಾನಿ ಸುರು ಆಗ್ಯಾವ!”

ಚೊಚ್ಚಲ ಹೆರಿಗೆ, ಸಂಜೆಯತನಕ ಏನೂ ಆಗದೆಂದು ತಾಯವ್ವನಿಗೆ ಗೊತ್ತಿತ್ತು. ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು: “ಈಗೆಷ್ಟು ಗಂಟಿರಿ?”

ಸರಕಾರಿ ಮನುಷ್ಯ, ಸುಳ್ಳು ಹೇಳುವಂತಿರಲಿಲ್ಲ. “ಹತ್ತು ಹತ್ತು.”

“ಹಂಗಾರ ಹನ್ನೊಂದಕ್ಕ ಬರ್ತೀನ್ರಿ.”

ಸಮಿತಿಯ ತುರ್ತು ಸಭೆ ಸೇರಿತು. ಒಂದು ಬಾರಿಗೆ ಮಾತ್ರ ಅನ್ವಯಿಸುವಂತೆ ಮುಳ್ಳುಗಳನ್ನು ಹನ್ನೊಂದಕ್ಕೆ ಸರಿಸಲಾಯಿತು. ಬಾಯಿಮಾತು ನಂಬಲು ತಾಯವ್ವ ಒಪ್ಪಲಿಲ್ಲ. ಗಡಿಯಾರವನ್ನೇ ತಾಟಿನಲ್ಲಿಟ್ಟು ತಂದರು. ಹಿಂದೆ ಮುಂದೆ ಹೊರಳಿಸಿ ನೋಡಿದಳು, ಕೈಗೆ ಕಟ್ಟಿಕೊಂಡಳು, ಎದ್ದು ನಡೆದಳು.

ಹೆಣ್ಣು ಕೂಸು. ತಾಯಿ ಮಗು ಕ್ಷೇಮ.

“ಗಡಿಯಾರ ಯಾವಾಗ ತಿರುಗಿ ಕೊಡ್ತಿ?” ಎಂದರು ಹೊಸ ಅಜ್ಜ.

“ಹನ್ನೆರಡಕ್ಕ ಕೊಡ್ತೀನ್ರಿ.”

ನ್ಯಾಯವಾದ ಮಾತು. ಚಾವಿ ಕೊಡುವುದು ಶಿಕ್ಷಾರ್ಹ, ಮುಳ್ಳು ಸರಿಸೋಣವೆಂದರೆ ಗಡಿಯಾರ ಅವಳ ಕೈಯಲ್ಲಿ. ಸಮಿತಿಯು ನಿಯಮದಂತೆ ಹನ್ನೆರಡು ಗಂಟೆಯ ದಾರಿ ಕಾಯುತ್ತಿದೆ. ತಾಯವ್ವ ಗಡಿಯಾರ ಕಟ್ಟಿಕೊಂಡೇ ಸಂತೆಗೆ ಹೋಗಿಬರುತ್ತಾಳೆ. ಹೊತ್ತು ಕೇಳಿದವರಿಗೆಲ್ಲ ಹನ್ನೊಂದು ಅನ್ನುತ್ತಾಳೆ, ಕೇಳಿದವರೂ ಹೌದ್ರಿ ಅನ್ನುತ್ತಾರೆ.