ಅವಳಿಗಳ ಅಪ್ಪನ ಪ್ರಶ್ನೆ

ಮಸಾಕಾ ಪೇಟೆಯಲ್ಲಿ ಅವಳಿ ಮಕ್ಕಳ ಅಪ್ಪನನ್ನು ಊರೆಲ್ಲ ಮರ್ಯಾದೆಯಿಂದ ಸ್ಸಾಲೊಂಗೊ ಎನ್ನುತ್ತದೆ. ತಾನೂ ಅವಳಿಗಳ ಅಪ್ಪನಾಗಿದ್ದ ದರ್ಜಿ ಲುಬೋವ ಮಾತ್ರ ಅದನ್ನು ಹಾಸಿಗೆ ವಿದ್ಯೆಯಲ್ಲಿ ಪಾಸಾದ ಸರ್ಟಿಫಿಕೇಟು ಎಂದೇ ತಿಳಿದಿದ್ದ. ಎಡವಟ್ಟು ಶುರುವಾದದ್ದು ಅಲ್ಲಿಂದ.

ಆ ಬೆಳಿಗ್ಗೆ ಅಂಗಡಿ ಜಗುಲಿಯ ರೇಡಿಯೋದಲ್ಲಿ ಸ್ಸೆಂಗಾ ಪತ್ರ ಓದುತ್ತಿದ್ದಳು. ಸ್ಸೆಂಗಾ ಎಂದರೆ ಸೋದರತ್ತೆ. ಮದುವೆಯ ಹೆಣ್ಣಿಗೆ ಗುಟ್ಟು ಹೇಳಿಕೊಡುವವಳು. ಈಕೆ ಇಡೀ ಊರಿಗೇ ಅತ್ತೆ.

“ಅತ್ತೆ, ನನ್ನ ಗಂಡ ಸ್ಸಾಲೊಂಗೊ. ಹದಿನೆಂಟು ವರ್ಷದಿಂದ ‘ಹೆಂಗಿತ್ತು?’ ಅಂತಾರೆ, ‘ಚೆನ್ನಾಗಿತ್ತು’ ಅಂತೀನಿ. ಒಂದ್ಸಲಾನೂ ನಾನು ಸುಖದ ತುದಿ ಮುಟ್ಟಿಲ್ಲ.”

“ಯಾವನಪ್ಪಾ ಈ ಮಂಕ!” ಎಂದು ಲುಬೋವ ಎಲ್ಲರಿಗಿಂತ ಜೋರಾಗಿ ನಕ್ಕ.

“ತಪ್ಪು ನಿನ್ನದಲ್ಲ ಮಗಳೇ,” ಎಂದಳು ಸ್ಸೆಂಗಾ. “ಸುಖದ ಮೊಗ್ಗು ಇರೋದು ಹೊರಗೆ, ಮೇಲ್ಗಡೆ. ಒಬ್ಬಳದು ಒಳದಾರಿಗೆ ಹತ್ತಿರ, ಒಬ್ಬಳದು ದೂರ, ಒಬ್ಬಳದು ಚಿಕ್ಕದು, ಒಬ್ಬಳದು ದೊಡ್ಡದು. ಬರೀ ಒಳಗಿನ ಕೆಲಸದಿಂದ ಎಷ್ಟೋ ಹೆಂಗಸರಿಗೆ ಏನೂ ಆಗಲ್ಲ. ಆಮೇಲೆ ‘ಹೆಂಗಿತ್ತು’ ಅನ್ನೋದಲ್ಲ, ಮೊದಲೇ ‘ಎಲ್ಲಿ, ಹೇಗೆ’ ಅಂತ ಕೇಳ್ಬೇಕು.”

ಎದುರಿಗೆ ಬಾಳೆಕಾಯಿ ಸುಡುತ್ತಿದ್ದ ನಬ್ಬೋಸಾ ತಲೆಯೆತ್ತಿದಳು. “ಸ್ಸಾಲೊಂಗೊ, ನಿಮ್ಮ ಮದುವೆಯಾಗಿ ಎಷ್ಟು ವರ್ಷ?”

“ಹದಿ...” ಎಂದವನ ನಗು ಅಲ್ಲೇ ನಿಂತಿತು.

ಮಧ್ಯಾಹ್ನದೊಳಗೆ ಸುದ್ದಿ ಪೇಟೆ ಸುತ್ತಿತು. ಇನ್ನೊಬ್ಬ ಸ್ಸಾಲೊಂಗೊ, ಮಾಂಸದಂಗಡಿಯ ಕಸುಲೆ, ಏದುಸಿರು ಬಿಡುತ್ತ ಬಂದ. “ಆ ಪತ್ರ ನಿನ್ನ ಮನೇದಾ, ನನ್ನ ಮನೇದಾ?”

“ನಿಮ್ದೇ ಇರ್ಬೇಕು.”

“ನನ್ನ ಮದುವೆಯಾಗಿ ಮೂವತ್ತು ವರ್ಷ ಕಣಯ್ಯಾ!” ಎಂದು ಲೆಕ್ಕ ಹಾಕಿದ ಕಸುಲೆ ಕುಣಿಯುತ್ತ ಹೋದ. ಲುಬೋವ ಗಾಬರಿಯಲ್ಲಿ ಮದುಮಗಳ ಬುಸೂಟಿ ನಿಲುವಂಗಿಗೆ ಎರಡು ತೋಳನ್ನೂ ಒಂದೇ ಕಡೆ ಹೊಲಿದಿಟ್ಟ.

“ಅಳತೆ ತಗೊಳ್ಳೋವಾಗ ‘ಬಿಗಿಯಾಯ್ತಾ, ಸಡಿಲ ಮಾಡ್ಲಾ’ ಅಂತ ನಮ್ಮನ್ನ ನೂರು ಸಲ ಕೇಳ್ತೀರಲ್ಲ, ಮನೇಲಿ ಕೇಳಕ್ಕೇನು ರೋಗ?” ಎಂದಳು ನಬ್ಬೋಸಾ.

ಆ ಮಾತು ಸೂಜಿಯಂತೆ ಚುಚ್ಚಿತು. ಇಬ್ಬರು ಹೆಂಗಸರ ಭುಜ ಒಂದೇ ಸಮ ಇರುವುದಿಲ್ಲ ಎಂದು ಊರಿಗೆಲ್ಲ ಹೇಳುವವನು ಅವನೇ. ಹದಿನೆಂಟು ವರ್ಷ ಹಾಳು ಮಾಡಿದೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಪಾಪ, ಹೆಂಡತಿ ಒಂದು ದಿನವೂ ಗೊಣಗಿದವಳಲ್ಲ. ಇವತ್ತು ಕೇಳಿಯೇ ಬಿಡುತ್ತೇನೆ, ‘ಎಲ್ಲಿ, ಹೇಗೆ’ ಎಂದು ಬಾಯಿಪಾಠ ಮಾಡುತ್ತ ಮನೆಗೆ ಬಂದ.

ಹೆಂಡತಿ ಮಂಡಿಯೂರಿ ಕೈಗೆ ನೀರು ಹಾಕಿದಳು. ಅವಳ ಮುಖ ಕಂಡದ್ದೇ ತಡ, ಕಲಿತದ್ದೆಲ್ಲ ಮರೆತು ಬೇರೆಯೇ ಬಾಯಿಗೆ ಬಂತು.

“ಆ ಪತ್ರ ನೀನು ಬರೆದದ್ದಾ?”

“ಅಲ್ಲ.”

“ನಾನ್ ಹೇಳ್ಲಿಲ್ವಾ!” ಲುಬೋವನ ಎದೆ ಉಬ್ಬಿತು. “ಊಟಕ್ಕೆ ಹಾಕು.”

ಅವಳು ನೀರಿನ ಚೊಂಬು ಹಿಡಿದು ಕೂತೇ ಇದ್ದಳು. “ಕೇಳೋದು ಇಷ್ಟೇನಾ?”

“ಇಷ್ಟೇ. ಇನ್ನೇನಿರತ್ತೆ?”

“ಬೇರೆ ಏನಾದ್ರೂ ಕೇಳಿದ್ರೆ ನನ್ನ ಪತ್ರ ವಾಪಸ್ ತಗೊಳ್ಳೋಣ ಅಂತಿದ್ದೆ,” ಎಂದು ಅವಳು ನಿಧಾನವಾಗಿ ಎದ್ದಳು. “ಹೋಗ್ಲಿ ಬಿಡಿ. ನಂದು ನಾಳೆ ಓದ್ತಾರೆ.”