ಬರೀ ಇಬ್ರೇನ್ರಿ?

ಮೂವತ್ತು ವರ್ಷದಿಂದ ಹಾರ್ಮೋನಿಯಂ ನುಡಿಸಿಕೊಂಡು ಹಾಡುತ್ತಿರುವ ನನಗೆ ಜನ ಕೇಳುತ್ತಾ ಬಂದಿರುವ ಪ್ರಶ್ನೆ ಒಂದೇ. ರಾಗ ಯಾವುದು ಅಂತಲ್ಲ, ಹಾಡು ಬರೆದವರು ಯಾರು ಅಂತಲೂ ಅಲ್ಲ. ನಾನೂ ನಮ್ಮ ತಬಲಾ ಮಾಸ್ತರೂ ಆಟೋದಿಂದ ಇಳಿದು ನಿಂತ ಕೂಡಲೇ, ಒಳಗೆ ಇನ್ನೂ ಯಾರಾದರೂ ಉಳಿದಿದ್ದಾರೇನೋ ಎಂದು ಇಣುಕಿ ನೋಡಿ, "ಬರೀ ಇಬ್ರೇನ್ರಿ?" ಅಂತಾರೆ. ದಾವಣಗೆರೆಯಲ್ಲೂ ಅಷ್ಟೆ, ಹರಿಹರದಲ್ಲೂ ಅಷ್ಟೆ. ಹೋದ ತಿಂಗಳೂ ಕೇಳಿದರು, ಬರುವ ತಿಂಗಳೂ ಕೇಳುತ್ತಾರೆ. ಮುಂದಿನದನ್ನೆಲ್ಲ ನಗುತ್ತಲೇ ಹೇಳುತ್ತೇನೆ. ನಗು ಬಂದು ಹೇಳುತ್ತಿದ್ದೇನೆ ಅಂತ ಮಾತ್ರ ತಿಳಿಯಬೇಡಿ.

ಮೊದಲು ಮಾಸ್ತರ ಬಗ್ಗೆ ಎರಡು ಮಾತು. ಹಗಲು ಟೈಲರಿಂಗ್ ಅಂಗಡಿ, ಸಂಜೆ ತಬಲ. ನನಗಿಂತ ಆರು ವರ್ಷ ದೊಡ್ಡವರು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ನನ್ನ ಹಾರ್ಮೋನಿಯಂ ಪೆಟ್ಟಿಗೆಯಿಂದಾಗಿ "ಲೇ ಪೆಟ್ಟಿಗೆ" ಅಂತಲೇ ಕರೆಯುವುದು. ಎಡಗೈ ಬೆರಳಲ್ಲಿ ಮದುವೆಯಲ್ಲಿ ಹಾಕಿಸಿಕೊಂಡ ಉಂಗುರ. ಬೆರಳು ದಪ್ಪಗಾಗಿ ಅದು ಈಗ ಹೊರಗೆ ಬರುವುದಿಲ್ಲ. ನುಡಿಸುವಾಗ ಎಡಗೈಗೆ ಬಿಡುವು ಸಿಕ್ಕಾಗೆಲ್ಲ ಕೈ ಪಕ್ಕಕ್ಕೆ ಇಳಿದು, ಉಂಗುರ ಡಗ್ಗಾದ, ಅಂದರೆ ಎಡಗಡೆಯ ದೊಡ್ಡ ತಬಲದ, ತಾಮ್ರದ ಮೈಗೆ ತಾಗಿ 'ಟಿಕ್' ಅನ್ನುತ್ತದೆ. "ಉಂಗುರ ತೆಗೀರಿ ಮಾಸ್ತ್ರೆ, ಹಾಡೋವಾಗ ಕಿವಿಗೆ ಚುಚ್ಚುತ್ತೆ" ಎಂದು ನಾನು ಪ್ರತಿ ಕಾರ್ಯಕ್ರಮಕ್ಕೂ ಹೇಳುತ್ತಿದ್ದೆ. "ಅದು ಬಂದ್ರೆ ಬೆರಳಿನ ಜೊತಿಗೇ ಬರಬೇಕು ನೋಡಪ" ಎಂದು ಅವರೂ ಪ್ರತಿ ಸಲ ಹೇಳುತ್ತಿದ್ದರು.

ಸ್ಟೇಜು ತುಂಬಬೇಕು

ಮಂಡಿಪೇಟೆಯ ಸಗಟು ವ್ಯಾಪಾರಿಯೊಬ್ಬರು ಮಗಳ ಆರತಕ್ಷತೆಗೆ ಹಾಡಲು ಕರೆಸಿದರು. ಏನು ಹಾಡುತ್ತೀರಿ ಅಂತ ಕೇಳಲಿಲ್ಲ.

"ಎಷ್ಟು ಮಂದಿ ಬರ್ತೀರಿ?"

"ಇಬ್ರು ಸಾಹುಕಾರ್ರೆ. ಪೆಟ್ಟಿಗೆ, ತಬಲ."

"ಬರೀ ಇಬ್ರೇನ್ರಿ? ಬೀಗರ ಕಡೆ ಮದುವ್ಯಾಗೆ ಹನ್ನೆರಡು ಮಂದಿ ಕುಂತಿದ್ರು. ಸ್ಟೇಜು ತುಂಬಿ ತುಳುಕ್ತಿತ್ತು. ನಿಮ್ಮಿಬ್ರನ್ನ ಕುಂದರಿಸಿದ್ರೆ ಉಳಿದ ಜಾಗಕ್ಕೆ ಏನ್ ಇಡ್ಲಿ ನಾನು?"

"ನಾವು ಒಂಚೂರು ದೂರ ದೂರ ಕೂಡ್ತೀವಿ ಬಿಡ್ರಿ" ಅಂದರು ಮಾಸ್ತರು. ಸಾಹುಕಾರರು ನಗಲಿಲ್ಲ.

ಆರತಕ್ಷತೆಯ ದಿನ ನೋಡಿದರೆ ಸ್ಟೇಜಿನ ಮೇಲೆ ಹತ್ತು ಜನ! ಎಲ್ಲರೂ ಅವರ ಅಂಗಡಿಯವರೇ. ಮಿರಿಮಿರಿ ಮಿಂಚುವ ಕೋಟು ಹಾಕಿ, ಬಾಡಿಗೆಗೆ ತಂದ ವಾದ್ಯಗಳ ಮುಂದೆ ಕೂರಿಸಿದ್ದರು. ಗುಮಾಸ್ತರ ಕೈಗೆ ಗಿಟಾರು. ಮೂಟೆ ಇಳಿಸುವವರು ಇಬ್ಬರಿಗೆ ಡ್ರಮ್ಮು. ಸಾಹುಕಾರರು ಅವರಿಗೆ ಕಟ್ಟುನಿಟ್ಟಾಗಿ ಹೇಳಿದ್ದರು: "ಯಾರೂ ಮುಟ್ಟಬ್ಯಾಡ್ರಿ. ಮುಟ್ಟಿದಂಗೆ ಮಾಡ್ರಿ." ಮುಂದಿನ ಸಾಲು ಅವರಿಂದಲೇ ತುಂಬಿದ್ದರಿಂದ ನಾವಿಬ್ಬರೂ ಹಿಂದೆ, ಹೂವಿನ ಕಮಾನಿನ ಕಂಬಕ್ಕೆ ಒರಗಿಕೊಂಡು ಕೂತೆವು. ಎರಡು ಗಂಟೆ ಹಾಡಿದೆ.

ಮುಗಿದ ಮೇಲೆ ಬೀಗರು ಸ್ಟೇಜು ಹತ್ತಿ ಬಂದರು. ನನ್ನನ್ನು ದಾಟಿಕೊಂಡು ಹೋಗಿ ಗುಮಾಸ್ತರ ಎರಡೂ ಕೈ ಹಿಡಿದುಕೊಂಡರು. "ಏನ್ ಬೆರಳ್ರೀ ನಿಮ್ದು! ಭಾಳ ವರ್ಷದ ಸಾಧನೆ ಇರಬೇಕು" ಅಂದರು. ಗುಮಾಸ್ತರು ನಾಚಿಕೊಂಡು, "ಏನೋ, ದೇವರು ಕೊಟ್ಟಿದ್ದು" ಅಂದರು.

ಮುಂದಿನ ತಿಂಗಳು ಇನ್ನೊಂದು ಮದುವೆಗೆ ಸ್ಟೇಜು ತುಂಬಿಸಬೇಕಾಗಿ ಬಂದು ಅದೇ ಗುಮಾಸ್ತರಿಗೆ ಫೋನ್ ಮಾಡಿದೆ. "ಆವತ್ತು ಆಗಾದಿಲ್ಲ ಸರ್" ಅಂದರು. "ಹರಿಹರದಾಗೆ ನನ್ನ ಪ್ರೋಗ್ರಾಂ ಐತೆ."

ಪೂಜೆಯಾಗದ ಯಂತ್ರ

ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಆಯುಧ ಪೂಜೆ. ಯಂತ್ರಗಳಿಗೆಲ್ಲ ವಿಭೂತಿ, ಕುಂಕುಮ, ಬಾಳೆಕಂದು. ವರ್ಷಕ್ಕೊಂದು ದಿನ ಆ ಶೆಡ್ಡು ಸುಮ್ಮನಿರುವುದು. ನನಗೆ ಸಂತೋಷವಾಯಿತು. ಮೈಕೂ ಬೇಡ ಅಂದೆ. ಅಂಥ ನಿಶ್ಶಬ್ದದಲ್ಲಿ ವಚನ ಹಾಡುವುದು ಪುಣ್ಯದ ಕೆಲಸ.

ಮೊದಲ ವಚನ ಮುಗಿಯುವಷ್ಟರಲ್ಲಿ ಕೆಲಸಗಾರರು ಕೂತಲ್ಲೇ ಒದ್ದಾಡತೊಡಗಿದರು. ಒಬ್ಬ ಕಿವಿ ಉಜ್ಜಿಕೊಂಡ, ಒಬ್ಬ ಎದ್ದು ಹೊರಗೆ ಹೋಗಿ ಮತ್ತೆ ಬಂದ. ಕೊನೆಗೆ ಹಿರಿಯ ಫಿಟ್ಟರೊಬ್ಬರು ಎದ್ದು ನಿಂತು ಮಾಲೀಕರಿಗೆ ಹೇಳಿದರು: "ಸಾಹೇಬ್ರೆ, ಹಾಡು ಚೊಲೋ ಐತೆ. ಆದ್ರೆ ಈ ಶೆಡ್ಡು ಇಷ್ಟು ಸೈಲೆಂಟಾಗಿದ್ರೆ ಯಾರೋ ತೀರಿಕೊಂಡಂಗೆ ಆಗ್ತೈತೆ."

"ಹಂಗಂತ ಪೂಜೆ ಆದ ಮಿಷನ್ನು ಇವತ್ತು ಆನ್ ಮಾಡಂಗಿಲ್ಲಪ್ಪ" ಅಂದರು ಮಾಲೀಕರು.

ಫಿಟ್ಟರು ಸುತ್ತ ನೋಡಿದರು. "ಮೂಲ್ಯಾಗಿರೋ ಕಂಪ್ರೆಸರ್‌ಗೆ ಇನ್ನೂ ಕುಂಕುಮ ಹಚ್ಚಿಲ್ಲ ಸಾಹೇಬ್ರೆ."

ಕಂಪ್ರೆಸರ್ ಆನ್ ಆಯಿತು. ಶೆಡ್ಡೆಲ್ಲ ಗುಡುಗಿತು. ಕೆಲಸಗಾರರ ಮುಖ ಅರಳಿತು, ತಲೆ ತೂಗಿದರು. ನನ್ನ ದನಿ ನನಗೇ ಕೇಳಿಸಲಿಲ್ಲ. ಹೊರಡುವಾಗ ಫಿಟ್ಟರು ಪ್ರೀತಿಯಿಂದ ನನ್ನ ಭುಜ ತಟ್ಟಿ, "ಎರಡನೇದಕ್ಕೆ ಮ್ಯೂಸಿಕ್ ಸೇರಿದ ಮ್ಯಾಲೆ ಕಳೆ ಬಂತು ನೋಡ್ರಿ" ಅಂದರು.

ಮಲೆಬೆನ್ನೂರಿನ ಕರೆಂಟು

ಮಲೆಬೆನ್ನೂರಿನ ಒಂದು ಗಣಪತಿ ಪೆಂಡಾಲು. ಸಂಜೆ ಏಳು ಗಂಟೆ. ನಮ್ಮ ಮುಂದೆ ಗದ್ದಲವೋ ಗದ್ದಲ, ಯಾರೂ ಕೇಳುತ್ತಿಲ್ಲ. ಎರಡನೇ ಹಾಡಿನ ನಡುವೆ ಕರೆಂಟು ಹೋಯಿತು. ಮೈಕು ಸತ್ತಿತು. ಮಾಸ್ತರು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ.

ಕತ್ತಲಲ್ಲಿ ಗದ್ದಲ ತಾನಾಗಿ ಇಳಿಯಿತು. ಹಿಂದಿದ್ದವರು ಮುಂದೆ ಸರಿದು ಬಂದರು. ಒಬ್ಬ ಅಜ್ಜಿ ಸ್ಟೇಜಿನ ಅಂಚಿಗೇ ಬಂದು ಗದ್ದಕ್ಕೆ ಕೈಕೊಟ್ಟು ಕೂತಳು. ಪೆಟ್ಟಿಗೆ, ತಬಲ, ನಡುನಡುವೆ ಮಾಸ್ತರ ಉಂಗುರದ ಟಿಕ್. ಅವತ್ತು ಆ ಟಿಕ್ ಕೂಡ ಹಿತವಾಗಿತ್ತು. ನಿಜ ಹೇಳುತ್ತೇನೆ, ಹಾಡುತ್ತಾ ಹಾಡುತ್ತಾ ನನ್ನ ಕಣ್ಣು ತುಂಬಿ ಬಂತು. ಇದಕ್ಕೇ ಅಲ್ಲವೇ ಇಷ್ಟು ವರ್ಷ ಕಾದದ್ದು ಅನ್ನಿಸಿತು.

ಅಷ್ಟರಲ್ಲಿ ಪೆಂಡಾಲಿನ ಹಿಂದೆ ಜನರೇಟರು ಡರ್ರೆಂದಿತು. ದೀಪ ಬಂತು. ಇಡೀ ಜನ ಎದ್ದು ನಿಂತು ಶಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು, ಜನರೇಟರಿಗೆ. ಅಜ್ಜಿಯೂ ತಟ್ಟಿದಳು. ಸಮಿತಿಯ ಅಧ್ಯಕ್ಷರು ಮೈಕು ಊದಿ ನೋಡಿ ಹೇಳಿದರು: "ಇಷ್ಟೊತ್ತು ತೊಂದ್ರೆ ಸಹಿಸಿಕೊಂಡಿದ್ದಕ್ಕೆ ಎಲ್ಲಾರಿಗೂ ಧನ್ಯವಾದ. ಈಗ ಹಾಡು ಶುರು ಆಗ್ತಾವೆ."

ಪ್ಲಗ್ಗಿಲ್ಲದ ಸಂಗೀತ

ಹೀಗಿರುವಾಗ ಹರಿಹರದಿಂದ ಒಂದು ಫೋನು. ಹೊಸ ಕೆಫೆಯ ಮ್ಯಾನೇಜರು. "ಸರ್, ನಮಗೆ ಬ್ಯಾಂಡ್ ಗೀಂಡ್ ಬ್ಯಾಡ. ಈಗೆಲ್ಲ ಅನ್‌ಪ್ಲಗ್ಡ್, ಕರೆಂಟಿನ ವಾದ್ಯ ಇಲ್ದೆ. ಸಿಂಪಲ್ಲಾಗಿ ಇಬ್ರು ಬಂದ್ರೆ ಸಾಕು."

ಇಬ್ಬರು ಬಂದರೆ ಸಾಕು! ಮಾಸ್ತರಿಗೆ ಹೇಳಿದಾಗ ಅವರು ಹೊಲಿಗೆ ಮಿಷನ್ನು ನಿಲ್ಲಿಸಿ, "ಇನ್ನೊಮ್ಮೆ ಹೇಳು" ಅಂದರು. ಇನ್ನೊಮ್ಮೆ ಹೇಳಿದೆ. ತಾವೇ ಹೊಲಿದ ಹೊಸ ಜುಬ್ಬಾ ಹಾಕಿಕೊಂಡು ಬಂದರು.

ಮ್ಯಾನೇಜರು ಪೆಟ್ಟಿಗೆಯನ್ನೂ ತಬಲವನ್ನೂ ನೋಡಿ ಮುಖ ಸಪ್ಪಗೆ ಮಾಡಿದರು. "ಸರ್, ಇದು ಭಜನೆ ಆಗಿಬಿಡ್ತೈತೆ. ಅನ್‌ಪ್ಲಗ್ಡ್ ಅಂದ್ರೆ ಬ್ಯಾರೆ." ಬೇರೆ ಅಂದರೆ ಏನು ಅಂತ ತೋರಿಸಿದರು. ಒಬ್ಬ ಯುವಕ ಗಿಟಾರು ಹಿಡಿದಿದ್ದ, ಇನ್ನೊಬ್ಬ ಒಂದು ಮರದ ಡಬ್ಬದ ಮೇಲೆ ಕೂತು ಅದನ್ನೇ ಬಡಿಯುತ್ತಿದ್ದ. ನಾನು ಸುಮ್ಮನೆ ಕೂತು ಎಣಿಸಿದೆ. ಆ ಇಬ್ಬರ ಪ್ಲಗ್ಗಿಲ್ಲದ ಸಂಗೀತಕ್ಕೆ ಗೋಡೆಯಲ್ಲಿ ಒಟ್ಟು ಒಂಬತ್ತು ಪ್ಲಗ್ಗು ಚುಚ್ಚಿದ್ದರು. ಹುಟ್ಟಿದಾಗಿನಿಂದ ಪ್ಲಗ್ಗನ್ನೇ ಕಾಣದ ನನ್ನ ಪೆಟ್ಟಿಗೆಯನ್ನು, "ಲುಕ್ಕಿಗೆ ಚೆನ್ನಾಗೈತೆ, ಇಲ್ಲೇ ಇರ್ಲಿ" ಅಂತ ಆ ಸಂಜೆಯ ಮಟ್ಟಿಗೆ ಮೂಲೆಯಲ್ಲಿ ಇಟ್ಟುಕೊಂಡರು. ಯಾರೋ ಅದರ ಮೇಲೆ ಕಾಫಿ ಕಪ್ಪು ಇಟ್ಟರು.

ಮಾಸ್ತರು ಆ ಡಬ್ಬ ಬಡಿಯುವುದನ್ನೇ ಕಣ್ಣು ಕೀಳದೆ ನೋಡುತ್ತಿದ್ದರು. ಬಸ್ಸಿನಲ್ಲಿ ಬರುವಾಗ ಹೇಳಿದರು: "ಸಣ್ಣಾಂವ ಇದ್ದಾಗ ಹಿಟ್ಟಿನ ಡಬ್ಬಿ ಬಾರಿಸಿದ್ದಕ್ಕೆ ನಮ್ಮಪ್ಪ ಬಾರುಕೋಲು ತಗೊಂಡಿದ್ದ. ತಬಲ ಕಲೀಬೇಕು ಅಂತ ಆಸ್ತಿ ಕಳದಂಗೆ ವರ್ಷ ಕಳದೆ. ಸುಮ್ನೆ ಡಬ್ಬಿ ಬಾರಿಸ್ತಾ ಇದ್ದಿದ್ರೆ ಇಷ್ಟೊತ್ತಿಗೆ ಕೆಫೆನಾಗೆ ಇರ್ತಿದ್ದೆ ನೋಡು."

ನಾನೂ ಸೇರಿದೆ

ಇಲ್ಲಿಂದ ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ಊರವರ ಪೆದ್ದುತನವನ್ನೆಲ್ಲ ಹೇಳಿ ನನ್ನದನ್ನು ಮುಚ್ಚಿಟ್ಟರೆ ನ್ಯಾಯವಲ್ಲ.

ಕರೆಯುವವರು ಕಡಿಮೆಯಾಗುತ್ತಾ ಬಂದು, ನಮ್ಮಿಬ್ಬರಿಗೆ ತಿಂಗಳಿಗೊಂದು ಕರೆ ಬಂದರೆ ಹೆಚ್ಚು ಅನ್ನುವಂತಾಯಿತು. ಒಂದು ಫುಲ್ ಬ್ಯಾಂಡಿನವರು ನನ್ನನ್ನು ಕೀಬೋರ್ಡಿಗೆ ಕರೆದರು. "ತಬಲಕ್ಕೆ ನಮ್ಮ ಮಾಸ್ತರು ಇದಾರೆ" ಅಂದೆ. ಬ್ಯಾಂಡಿನ ಯಜಮಾನರು, "ಮನುಷ್ಯ ಬ್ಯಾಡ್ರಿ, ಸೌಂಡ್ ಸಾಕು. ರೆಕಾರ್ಡ್ ಮಾಡಿ ಕೀಬೋರ್ಡಿಗೆ ಹಾಕಿಬಿಡ್ರಿ. ಗುಂಡಿ ಒತ್ತಿದ್ರೆ ತಾನೇ ಬಾರಿಸ್ತೈತೆ" ಅಂದರು.

ನಾನು ಮಾಸ್ತರ ಅಂಗಡಿಗೆ ಹೋಗಿ, ನಾನು ಪಾಠ ಹೇಳುವ ಶಾಲೆಯ ಮಕ್ಕಳ ಅಭ್ಯಾಸಕ್ಕೆ ಬೇಕು ಅಂತ ಸುಳ್ಳು ಹೇಳಿದೆ. ಅವರಿಗೆ ಹಿಗ್ಗೋ ಹಿಗ್ಗು. ಹೊರಗೆ ಗಿರಾಕಿಗಳನ್ನು ನಿಲ್ಲಿಸಿ, ಫ್ಯಾನು ಆರಿಸಿ, ಬೆವರು ಸುರಿಸುತ್ತಾ ಎಲ್ಲ ತಾಳಗಳನ್ನೂ ಒಂದೊಂದಾಗಿ ಬಾರಿಸಿದರು. ಉಂಗುರದ ಟಿಕ್ ಬರದಿರಲಿ ಎಂದು ಬೆರಳಿಗೆ ಬಟ್ಟೆಯ ಚೂರು ಸುತ್ತಿಕೊಂಡರು. ಅದು ಹತ್ತು ನಿಮಿಷಕ್ಕೆ ಬಿಚ್ಚಿ ಬಿತ್ತು. "ಇರ್ಲಿ ಬಿಡ್ರಿ ಮಾಸ್ತ್ರೆ" ಅಂದೆ. ಅಷ್ಟು ವರ್ಷದಲ್ಲಿ ಹಾಗೆ ಅಂದದ್ದು ಅದೇ ಮೊದಲು.

ಆಮೇಲೆ ಅಂಗಡಿಗೆ ಬಂದವರಿಗೆಲ್ಲ ಅವರು ಹೇಳುತ್ತಿದ್ದರಂತೆ: "ನನ್ನ ಕೈ ಈಗ ಕಂಪ್ಯೂಟರ್‌ನಾಗೆ ಐತೆ. ನಾನು ಹೋದ್ರೂ ಅದು ಇರ್ತೈತೆ." ಅವರು ಹೋಗುವ ತನಕ ನಾವು ಕಾಯಲಿಲ್ಲ. ಮುಂದಿನ ವಾರವೇ ಶುರು ಮಾಡಿದೆವು.

ಸನ್ಮಾನ

ಹೋದ ವರ್ಷ ದಾವಣಗೆರೆಯ ಒಂದು ಸಂಘದವರು ಮಾಸ್ತರಿಗೆ ಸನ್ಮಾನ ಇಟ್ಟುಕೊಂಡರು. 'ಜೀವಮಾನದ ತಬಲಾ ಸೇವೆಗಾಗಿ' ಎಂದು ಬ್ಯಾನರು. ಬೆಳಿಗ್ಗೆ ಹನ್ನೊಂದಕ್ಕೆ. ಸಂಗೀತಕ್ಕೆ ಯಾರು? ನಮ್ಮ ಫುಲ್ ಬ್ಯಾಂಡು.

ಮಾಸ್ತರು ಜುಬ್ಬಾ ಹಾಕಿಕೊಂಡು, ತಬಲದ ಗಂಟು ಹೊತ್ತುಕೊಂಡೇ ಬಂದರು. ನನ್ನ ಕೀಬೋರ್ಡಿನ ಕಡೆ ಒಮ್ಮೆ ನೋಡಿದರು. ಸಂಘದ ಕಾರ್ಯದರ್ಶಿ ಓಡಿ ಬಂದರು.

"ಇದ್ಯಾಕ್ರಿ ತಂದ್ರಿ ಮಾಸ್ತ್ರೆ?"

"ಒಂದು ಹಾಡಿಗೆ ಬಾರಿಸಾನ ಅಂತ."

"ಬ್ಯಾಡ್ರಿ. ಸೌಂಡ್ ಎಲ್ಲ ಸೆಟ್ ಆಗೈತೆ, ನಿಮಗೆ ಮೈಕ್ ಇಲ್ಲ. ಇವತ್ತು ನೀವು ಬಾರಿಸಂಗಿಲ್ಲ, ಇವತ್ತು ನಿಮಗೆ ಸನ್ಮಾನ."

ಗಂಟು ಹಾರಗಳ ಮೇಜಿನ ಕೆಳಗೆ ಹೋಯಿತು. ಮಾಸ್ತರನ್ನು ಕೆತ್ತನೆಯ ದೊಡ್ಡ ಕುರ್ಚಿಯಲ್ಲಿ, ನನ್ನ ಪಕ್ಕಕ್ಕೇ ಕೂರಿಸಿದರು. ಶಾಲು ಹೊದಿಸಿದರು. ಪೇಟ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತು. ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಕೈಯಲ್ಲಿ ಫಲಕ. "ಈಗ ಮಾಸ್ತರ ಗೌರವಾರ್ಥ ಒಂದು ಹಾಡು" ಎಂದು ಘೋಷಿಸಿದರು.

ಮೂವತ್ತು ವರ್ಷ ನಾವಿಬ್ಬರೇ ಹಾಡಿದ ಭಾವಗೀತೆ ಅದು. ಅವತ್ತು ಡ್ರಮ್ಮು, ಬೇಸ್ ಗಿಟಾರು, ಎರಡು ಕೀಬೋರ್ಡು. ಬ್ಯಾಂಡಿನ ಯಜಮಾನರು ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನು ಗುಂಡಿ ಒತ್ತಿದೆ.

ಮಾಸ್ತರ ತಬಲ ಶುರುವಾಯಿತು. ಸ್ಪಷ್ಟವಾಗಿ, ದೊಡ್ಡ ದೊಡ್ಡ ಸ್ಪೀಕರುಗಳಲ್ಲಿ. ಉಂಗುರದ ಟಿಕ್ ಕೂಡ ಬಂತು, ಸ್ಪೀಕರಿನಲ್ಲಿ ಇನ್ನೂ ಜೋರಾಗಿ. ನಾನು ತಲೆ ಎತ್ತಲಿಲ್ಲ. ಮುಖ್ಯ ಅತಿಥಿಗಳು ಮಾಸ್ತರ ಕಡೆ ಬಾಗಿ, "ನೋಡ್ರಿ, ಮನುಷ್ಯ ಇಲ್ಲದೇ ಎಷ್ಟು ಚೆಂದ ಬಾರಿಸ್ತೈತೆ! ನಿಮ್ಮ ಕಾಲದಾಗೆ ಇದೆಲ್ಲ ಇರಲಿಲ್ಲ ಅಲ್ಲೇನ್ರಿ?" ಅಂದರು. "ಇರಲಿಲ್ರಿ" ಅಂದರು ಮಾಸ್ತರು.

ಎರಡನೇ ಚರಣದ ಹೊತ್ತಿಗೆ ಓರೆಗಣ್ಣಲ್ಲಿ ನೋಡಿದೆ. ಫಲಕವನ್ನು ಕಂಕುಳಲ್ಲಿ ಇರುಕಿಕೊಂಡಿದ್ದರು. ಎಡಗೈ ಹಣ್ಣಿನ ಬುಟ್ಟಿಯ ಮೇಲೆ ತಾಳ ಹಾಕುತ್ತಿತ್ತು. ಸ್ಪೀಕರಿನಲ್ಲಿ ಟಿಕ್ ಬಂದಾಗೆಲ್ಲ ಅವರ ಉಂಗುರವೂ ಬುಟ್ಟಿಯ ಅಂಚಿಗೆ ಸರಿಯಾಗಿ ತಾಗುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ.

ಹಾಡು ಮುಗಿಯಿತು. ಚಪ್ಪಾಳೆಯೋ ಚಪ್ಪಾಳೆ. ಆ ಗದ್ದಲದಲ್ಲಿ ಮಾಸ್ತರು ಪೇಟವನ್ನು ಹುಬ್ಬಿನಿಂದ ಮೇಲೆತ್ತಿ, ನನ್ನ ಕಿವಿಯ ಹತ್ತಿರ ಬಾಗಿದರು.

"ಲೇ ಪೆಟ್ಟಿಗೆ, ನಿಮ್ಮ ತಬಲದಾಂವ ಚೊಲೋ ಬಾರಿಸ್ತಾನಲ್ಲೋ. ಉಂಗುರ ತೆಗಿ ಅಂತ ಅವನಿಗೆ ಒಂದ್ ಮಾತೂ ಹೇಳಲ್ಲೇನು? ನನಗಾದ್ರೆ ಮೂವತ್ತು ವರ್ಷ ಹೇಳ್ದೆ."